ಖಾಲಿಯಾಗಿರದ ಕೋವಿ

ಅಡಿಲೇಡಿನ ಮಾಸನ್ ಲೇಕ್ಸ್‌ನ ನಮ್ಮ ಮನೆಯಿಂದ ಉತ್ತರಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ, ನಾನು ಅಂಕಲ್ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಬಾದಾಮಿ ತೋಟವಿತ್ತು. ಕೊಡಗಿನವರು. ನಾನು ಹುಟ್ಟುವ ಮೊದಲೇ ಅಡಿಲೇಡಿಗೆ ಬಂದು, ಕಿಲ್ಬರ್ನಿನ ವರ್ಕ್‌ಶಾಪೊಂದರಲ್ಲಿ ದುಡಿದು, ನಿವೃತ್ತರಾದ ಮೇಲೆ ಆ ಜಮೀನು ಕೊಂಡಿದ್ದರು. ಮೈಸೂರಿನಲ್ಲಿ ನನ್ನ ಅಪ್ಪ ತೀರಿಕೊಂಡಾಗ ವೀಸಾ ತೊಡಕಿನಿಂದ ನನಗೆ ಹೋಗಲಾಗಲಿಲ್ಲ. ಆ ವಾರವೆಲ್ಲ ನನ್ನನ್ನು ತೋಟದಲ್ಲಿ ಇಟ್ಟುಕೊಂಡು, ಪಕ್ಕದಲ್ಲಿ ಕೂತು ಉಣ್ಣಿಸಿದವರು ಅವರೇ.

ಅವರ ಬಳಿ ಹಳೆಯ ಸೆಲ್ಫ್ ಲೋಡಿಂಗ್ ಕೋವಿಯೊಂದಿತ್ತು. ಒಂದು ಗುಂಡು ಹಾರಿದೊಡನೆ, ಗುಂಡು ತುಂಬುವ ಮ್ಯಾಗಜೀನಿನಿಂದ ಮುಂದಿನದನ್ನು ತಾನೇ ನಳಿಗೆಯೊಳಗೆ ಎಳೆದುಕೊಳ್ಳುವಂಥದು. ಇಲ್ಲಿ ಅದು ಎಲ್ಲರಿಗೂ ಸಿಗುವುದಿಲ್ಲ. ಮೊಲಗಳ ಕಾಟವಿರುವ ರೈತರೆಂದು ಅವರಿಗೆ ಲೈಸೆನ್ಸ್ ಇತ್ತು. ಅದರ ಮರದ ಹಿಂಬದಿ ಅವರ ಕೆನ್ನೆ ತಾಗಿ ತಾಗಿ ನುಣುಪಾಗಿತ್ತು. ಸಂಜೆ ಬೇಲಿಯ ಬದಿ ಮೊಣಕಾಲೂರಿ ಗುರಿ ಹಿಡಿದರೆ ತಪ್ಪುತ್ತಿದ್ದುದು ಅಪರೂಪ.

"ಮ್ಯಾಗಜೀನ್ ತೆಗೆದ್ರೆ ಖಾಲಿ ಅಂದ್ಕೋಬೇಡ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. "ಒಂದು ಗುಂಡು ಒಳಗೇ ಕೂತಿರುತ್ತೆ. ಬೋಲ್ಟ್ ಎಳೆದು ಕಣ್ಣಾರೆ ನೋಡು."

ಮೂರು ವರ್ಷದ ಹಿಂದೆ ಒಂದು ಭಾನುವಾರ ಅವರು ಮ್ಯಾಗಜೀನ್ ತೆಗೆದು, ಕೋವಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟರು. ಅದರ ಬಾಯಿ ಅವರ ಹೆಂಡತಿ, ಆಂಟಿಯ ಕಡೆಗಿತ್ತು. ಆಂಟಿ ಅಕ್ಕಿ ಆರಿಸುತ್ತಿದ್ದರು.

"ಬೋಲ್ಟ್ ಎಳೆದ್ರಾ ಅಂಕಲ್?"

"ಖಾಲಿ ಕಣೋ ಅದು" ಎಂದು ಕೈ ತೊಳೆಯಲು ಹೋದರು.

ನಾನು ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ ಬೋಲ್ಟ್ ಎಳೆದೆ. ಒಂದು ಗುಂಡು ಹೊರಬಿದ್ದು ಮೇಜಿನ ಮೇಲೆ ಉರುಳಿತು. ಆಂಟಿ ಅದನ್ನೇ ನೋಡಿದರು.

"ಹೋದ ತಿಂಗಳು ಸರ್ವೋದಲ್ಲಿ ಪೆಟ್ರೋಲ್ ಹಾಕಿಸ್ಕೊಂಡು ಮನೆಗೆ ಬರೋ ದಾರೀನೇ ಮರೆತ್ಬಿಟ್ರಪ್ಪ" ಎಂದರು ಮೆಲ್ಲಗೆ.

"ಇನ್ನು ಇದು ಮನೇಲಿ ಇರಬಾರದು ಆಂಟಿ" ಎಂದೆ.

ಆಂಟಿ ಡಾಕ್ಟರಿಗೆ ತಿಳಿಸಿದರು. ಮರೆವಿನ ಕಾಯಿಲೆ ಎಂದು ಗೊತ್ತಾಯಿತು. ಲೈಸೆನ್ಸ್ ರದ್ದಾಗಿ ಪೊಲೀಸರು ಬಂದು ಕೋವಿಯನ್ನು ಒಯ್ದರು. ಅಂಕಲ್ ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ತಾವೇ ಕೊಟ್ಟರಂತೆ.

ಕೋವಿ ಹೋದ ಮುಂದಿನ ಭಾನುವಾರ ಗೇಟಿನ ಬಳಿಯೇ ಕೇಳಿದರು. "ಕೋವಿ ಮನೇಲಿ ಇರಬಾರದು ಅಂತ ಇವಳಿಗೆ ಯಾರು ಹೇಳಿದ್ದು?"

"ನಾನೇ ಅಂಕಲ್."

"ಮೊದಲು ನನ್ನ ಹತ್ರ ಹೇಳ್ಬಹುದಿತ್ತಲ್ಲೋ."

ಹಾಗೆಂದು ಅವರು ಒಳಗೆ ಹೋಗಿಬಿಟ್ಟರು.

ತೋಟ ಮಾರಿ ಇಬ್ಬರೂ ಗ್ಲೆನೆಲ್ಗ್‌ನ ಕಡಲ ದಂಡೆಯ ಅಪಾರ್ಟ್‌ಮೆಂಟಿಗೆ ಬಂದರು. ಕಾಯಿಲೆ ಅವರ ಸಿಟ್ಟನ್ನೂ ಮರೆಸೀತೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಹಾಗಾಗಲಿಲ್ಲ. ನನ್ನ ಹೆಸರು ಮರೆತರು, ಊರು ಮರೆತರು. ನಾನು ಬಾಗಿಲಲ್ಲಿ ಕಂಡರೆ ಮಾತ್ರ ಮುಖ ಸಮುದ್ರದ ಕಡೆ ತಿರುಗಿಸಿಬಿಡುತ್ತಿದ್ದರು. "ಬೇಜಾರು ಮಾಡ್ಕೋಬೇಡಪ್ಪ" ಎನ್ನುತ್ತಿದ್ದ ಆಂಟಿಯ ಕಣ್ಣೂ ತುಂಬುತ್ತಿತ್ತು.

ಈ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಕೋವಿ ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಮಾತನ್ನು ಮೊದಲು ಅವರಿಗೇ ಹೇಳಲು, ಅಂದು ಅವರು ಕೈ ಒರೆಸಿಕೊಂಡು ಬರುವತನಕ ಕಾಯಬಹುದಿತ್ತು. ಎರಡೇ ನಿಮಿಷ. ಕಾಯಲಿಲ್ಲ.