ನಿಮಗಲ್ರಿ, ಬಾಯಾರ

ಮೊನ್ನೆ ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಬಸ್ಸು ಹತ್ತಿ ಕುಳಿತಿದ್ದೆ. ಪಂಚಮಿ ಹತ್ತಿರ ಬಂದಿತ್ತು, ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ತಂಗಿಯನ್ನು ಕರೆದುಕೊಂಡು ಹೊರಟ ಒಬ್ಬಾತ ಮುಂದಿನ ಸೀಟಿನಲ್ಲಿ ಕುಳಿತ. ಕುಳಿತದ್ದೇ ತಡ, ಮಗ್ಗದ ಎಣ್ಣೆಯ ವಾಸನೆ, ಗಂಜಿ ಹಾಕಿದ ನೂಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅವನ ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ನನ್ನ ಅಣ್ಣನ ಮೈಯೂ ಹೀಗೇ ನಾರುತ್ತಿತ್ತು... ಇಂಥ ಹೊತ್ತಿನಲ್ಲಿ ಉಳಿದವರಿಗೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಮೈಯೆಲ್ಲ ಉರಿಯಿತು.

ನಾವು ಇಚಲಕರಂಜಿಯಲ್ಲಿ ಬೆಳೆದವರು. ಅಪ್ಪ ಹೊಟ್ಟೆಪಾಡಿಗೆಂದು ಕರ್ನಾಟಕದ ಕಡೆಯಿಂದ ಬಂದು ಮಗ್ಗಕ್ಕೆ ಸೇರಿದವನು. ಅವನು ಹೋದಮೇಲೆ ಅಣ್ಣ ಯಡ್ರಾವದ ಕಾರಖಾನೆ ಸೇರಿ ಮನೆ ಎತ್ತಿ ನಿಲ್ಲಿಸಿದ. ಪವರ್‌ಲೂಮಿನ ಗದ್ದಲದಲ್ಲಿ ನಿಂತೂ ನಿಂತು ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಪಾಳಿ ಮುಗಿಸಿ ಬರುವಾಗ ಗಲ್ಲಿಯ ಮೂಲೆಯಿಂದಲೇ "ಯವ್ವಾ, ಹಸಿವಿ!" ಎಂದು ಒದರುತ್ತಿದ್ದ. "ಊರ ಎಬ್ಬಸಬ್ಯಾಡೊ, ರೊಟ್ಟಿ ಹಂಚಿನ ಮ್ಯಾಲೈತಿ" ಎಂದು ಅವ್ವ ಒಳಗಿಂದ ಬೈಯುತ್ತಿದ್ದಳು. ಅವನು ಒಂದು ದಿನ ಸುಮ್ಮನೆ ಬಂದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಆಮೇಲೆ ಆ ಪಂಥ ಬಂತು. ಅದರ ಹೆಸರು ಹೇಳುವುದಿಲ್ಲ, ನನ್ನ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ? ಕಾರಖಾನೆಯ ಗೆಳೆಯನೊಬ್ಬ ಅಣ್ಣನನ್ನು ಒಂದು ರವಿವಾರ ಸತ್ಸಂಗಕ್ಕೆ ಕರೆದೊಯ್ದಿದ್ದ. ಅಲ್ಲಿ ಗಾದಿಯ ಮೇಲೆ ಹಾರ ಹಾಕಿಕೊಂಡು ಕುಳಿತ ಒಬ್ಬ ಹೆಂಗಸು. ಅಲ್ಲಿಯವರಿಗೆಲ್ಲ ಅವಳೇ ದೇವರು, ಅವಳೇ ಅವ್ವ. ಮೊದಮೊದಲು ಅಣ್ಣ ಗುಟಕಾ ಬಿಟ್ಟ, ನಸುಕಿನಲ್ಲಿ ಏಳತೊಡಗಿದ. "ದೇವರ ಹಾದಿ ಹಿಡದಾನ, ಹಿಡೀಲಿ ಬಿಡ" ಎಂದು ಅವ್ವ ಹಿಗ್ಗಿದಳು. ಆಮೇಲೆ ದೇವರ ಜಗಲಿಯ ಮುಂದೆ ಪೂಜೆಗೆ ಕೂಡುವುದನ್ನು ಬಿಟ್ಟ. ವಿಭೂತಿ ಬಿಟ್ಟ. ನಾನು ಗಡಹಿಂಗ್ಲಜದಿಂದ ಬಾಣಂತನಕ್ಕೆಂದು ತವರಿಗೆ ಬಂದಿದ್ದಾಗ, ಹುಟ್ಟಿದಾಗಿನಿಂದ ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ಅವ್ವನ ಅಂಗೈಯಲ್ಲಿಟ್ಟ. "ಇದನ್ನ ನೀವ ಇಟ್ಟಕೋರಿ, ಬಾಯಾರ" ಎಂದ.

ನಮ್ಮ ಕಡೆ ಬಾಯಾರು ಎಂದರೆ ಸಾಲಿ ಕಲಿಸುವವರು, ಇಲ್ಲವೆ ಗುರುತಿಲ್ಲದ ದೊಡ್ಡ ಮನೆಯ ಹೆಂಗಸರು. ಅವ್ವ ಲಿಂಗವನ್ನು ಕಣ್ಣಿಗೊತ್ತಿಕೊಂಡಳು, ಆದರೂ ಆ ಮಾತಿಗೆ ನಗು ಬಂತು. "ನಾ ಯಾವ ಸಾಲಿ ಬಾಯಾರೊ ಮಾರಾಯಾ, ನನಗ ಸಹಿ ಮಾಡಾಕ ಬರಂಗಿಲ್ಲ" ಎಂದಳು. ಅವನು ನಗಲಿಲ್ಲ. ಜಗತ್ತಿಗೆ ಅವ್ವ ಒಬ್ಬಳೇ, ಹೆತ್ತವಳು ಬರೀ ದೇಹ ಕೊಟ್ಟವಳು, ಅವಳಿಗೆ ಆ ಹೆಸರು ಸಲ್ಲುವುದಿಲ್ಲ ಎಂದು ಗಿಳಿಪಾಠ ಒಪ್ಪಿಸಿದ.

"ಹೆತ್ತಾಕಿಗೆ ಬಾಯಾರ ಅಂತೀಯಲ್ಲೊ, ನಾಲಗಿ ಹೆಂಗ ಹೊಳ್ಳತೈತಿ ನಿಂದು?" ಎಂದು ನಾನು ಒದರಿದೆ.

"ಸಿಟ್ಟಾಗಬ್ಯಾಡ್ರಿ. ನಿಮಗೂ ಒಂದಿನ ತಿಳೀತೈತಿ" ಎಂದು ಮುಗುಳ್ನಕ್ಕ. ಎತ್ತಿ ಆಡಿಸಿದ ತಂಗಿಗೂ ರೀ! ಆ ನಗುವಿಗೆ ಒಂದು ಬಾರಿಸಬೇಕಿತ್ತು. ಬಾರಿಸಲಿಲ್ಲವಲ್ಲ ಎಂದು ಇವತ್ತಿಗೂ ಕೈ ತುರಿಸುತ್ತದೆ.

ಪಕ್ಕದ ಮನೆಯ ಮರಾಠಿ ಮಾವಶಿ ಬಂದು, "ಅಗ, ಚಾಂಗಲಂಚ್ ಆಹೇ ಕೀ, ದಾರೂ ತರೀ ಪೀತ್ ನಾಹೀ" ಎಂದಳು. ಕುಡಿಯುವುದಂತೂ ಇಲ್ಲವಲ್ಲ, ಒಳ್ಳೆಯದೇ ಆಯಿತು ಎಂದು ಅವಳ ಸಮಾಧಾನ. ನಮ್ಮ ಗಲ್ಲಿಯಲ್ಲಿ ಕುಡಿದು ಗಟಾರಕ್ಕೆ ಬಿದ್ದವನೂ "ಆಯೀ ಗ" ಎಂದು ಹೆತ್ತವ್ವನನ್ನೇ ಕರೆದು ನರಳುತ್ತಾನೆ. ಅವನೇ ವಾಸಿ ಎಂದು ಅವಳಿಗೆ ಖಡಾಖಡಿ ಹೇಳಿದೆ.

ಆಮೇಲೆ ಗೋಡೆಗೆ ಆ ಹೆಂಗಸಿನ ಫೋಟೋ ಬಂತು. ಅಣ್ಣ ಬೆಳಿಗ್ಗೆ ಅದರ ಮುಂದೆ ಕೈಮುಗಿದು ನಿಂತು, ಅದೇ ಹಳೆಯ ಗಂಟಲಲ್ಲಿ "ಯವ್ವಾ!" ಎನ್ನುತ್ತಿದ್ದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ, "ಓ, ಬಂದ್ನೊ" ಎಂದು ಮೊಣಕಾಲು ಹಿಡಿದುಕೊಂಡು ಎದ್ದು, ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಿದ್ದಳು. ಬಂದು ನೋಡಿದರೆ ಅವನ ಬೆನ್ನು. ಅವನು ಹೊರಳಿ ಸಹ ನೋಡದೆ ಹೇಳುತ್ತಿದ್ದ:

"ನಿಮಗಲ್ರಿ, ಬಾಯಾರ."

ಮರುದಿನ ಮತ್ತೆ ಅದೇ... ಅವಳಿಗೆ ತಿಳಿಯುತ್ತಿರಲಿಲ್ಲವೆಂದಲ್ಲ. ಮಗ ಕರೆದ ಕೂಡಲೇ ಓ ಎನ್ನದೆ ಇರುವುದು ಅವಳ ಕೈಯಲ್ಲಿರಲಿಲ್ಲ. "ಈ ಸುಡಗಾಡ ಬಾಯಿ ನನ್ನ ಮಾತ ಕೇಳಂಗಿಲ್ಲ ನೋಡ" ಎಂದು ತನ್ನನ್ನೇ ಬೈದುಕೊಂಡು ಒಲೆಯ ಮುಂದೆ ಕೂಡುತ್ತಿದ್ದಳು. ನಾನು ಆ ಫೋಟೋ ಕಿತ್ತು ಬಿಸಾಕುತ್ತೇನೆಂದು ಎದ್ದರೆ ಸೆರಗು ಹಿಡಿದು ಎಳೆಯುತ್ತಿದ್ದಳು. "ಬ್ಯಾಡ. ಮನಿ ಬಿಟ್ಟ ಹೋದಾನ. ಇಲ್ಲೆ ಇರಲಿ, ಒಮ್ಮೆರ ಅವ್ವ ಅಂದಾನ. ನನಗ ಮತ್ತೇನೂ ಬೇಕಾಗಿಲ್ಲ."

ಹೀಗಿರುವಾಗ ಒಂದು ಮಧ್ಯಾಹ್ನ ಅಣ್ಣನ ಜೊತೆ ಕೆಲಸ ಮಾಡುವವನೊಬ್ಬ ಓಡಿಬಂದ. ಮಗ್ಗದಿಂದ ಲಾಳಿ ಹಾರಿ ಅಣ್ಣನ ಹುಬ್ಬಿಗೆ ಬಡಿದಿತ್ತು. "ಅಂಜಬ್ಯಾಡ್ರಿ ಕಾಕೂ, ಕಣ್ಣ ಉಳದೈತಿ. ಆದರ ಯವ್ವಾ ಅಂತ ಹೆಂಗ ಚೀರಿದಾ ಅಂದ್ರ, ಅಷ್ಟೂ ಮಗ್ಗದ ಸಪ್ಪಳದಾಗ ನಮಗ ಕೇಳಿಸ್ತ ನೋಡ್ರಿ!" ಎಂದ.

ಅವ್ವ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಬಿದ್ದಳು. ಆದರೆ ಮುಖ? ಆ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ದವಾಖಾನೆಗೆ ಹೋಗುವಾಗ ರಿಕ್ಷಾದಲ್ಲಿ ನನ್ನ ಕೈ ಬಿಡಲೇ ಇಲ್ಲ. "ಅದು ನನಗ ಅಂದದ್ದ. ಜೀವಕ್ಕ ಬಂದಾಗ ಯಾರಿಗೆರ ಫೋಟೋ ನೆನಪಾಗತೈತೇನ? ಹೌದಲ್ಲ? ಹೇಳವಾ, ಹೌದಲ್ಲ?" ಎಂದು ಕೇಳಿದ್ದನ್ನೇ ಕೇಳಿದಳು. ಹೌದವ್ವ, ಹೌದು ಎಂದೆ. ನಾನೂ ಹಾಗೇ ನಂಬಿದ್ದೆ.

ಅಣ್ಣ ತಲೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ. ಅವ್ವ ಕಾಟಿನ ಅಂಚಿಗೆ ಕುಳಿತು ಅವನ ಕಾಲು ಸವರಿದಳು. ಆಮೇಲೆ ತೀರ ಮೆಲ್ಲಗೆ, ಸಣ್ಣ ಮಗುವನ್ನು ಮಾತಾಡಿಸುವ ಹಾಗೆ ಕೇಳಿದಳು.

"ಬಡದಾಗ ಯಾರನ್ನ ಕರದ್ಯೊ, ಕೂಸ?"

"ಅವ್ವನ್ನ ಕರದೆ. ಆಕೀನ ನನ್ನ ಕಣ್ಣ ಉಳಿಸಿದಳು, ಬಾಯಾರ."

ಅವ್ವ ಅವನ ಕಾಲ ಮೇಲಿನ ಕೈ ತೆಗೆದಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಹೌದೇನ್ರಿ? ಛಲೋ ಆತ್ರಿ. ಲಗೂನ ಆರಾಮ ಆಗ್ರಿ. ನಾವು ಬರ್ತೇವ್ರಿ."

ಹೆತ್ತ ಮಗನಿಗೆ ಅವಳು ರೀ ಹಚ್ಚಿದ್ದು ಅದೇ ಮೊದಲು. ಅಣ್ಣನ ಮುಗುಳ್ನಗೆ ಅಲ್ಲೇ ನಿಂತಿತು. ನಾವು ಹೊರಗೆ ಬಂದೆವು.

ಅವತ್ತಿನಿಂದ ಅವನು ಫೋಟೋದ ಮುಂದೆ ಎಷ್ಟು ಒದರಿದರೂ ಅಡುಗೆಮನೆಯಿಂದ ಓ ಬರಲಿಲ್ಲ. ಅವನು ಕೆಲಸ ಬಿಟ್ಟು ಆ ಪಂಥದವರ ಜಾಗದಲ್ಲೇ ಉಳಿದ ಮೇಲೆ ಅವ್ವನನ್ನು ನಾನು ಗಡಹಿಂಗ್ಲಜಕ್ಕೆ ಕರೆತಂದೆ. ಎಂದಾದರೊಮ್ಮೆ ಬಾಡಿಗೆ ಮನೆಯ ಮಾಲಕರ ಸುದ್ದಿ ಕೇಳುವ ಹಾಗೆ "ಅವರು ಆರಾಮ ಅದಾರಂತೇನ?" ಎಂದು ಕೇಳುತ್ತಿದ್ದಳು. ಮಗನನ್ನು "ಅವನು" ಎಂದು ಏಕವಚನದಲ್ಲಿ ಅವಳು ಮತ್ತೆ ಅನ್ನಲೇ ಇಲ್ಲ... ಹಾಗೇ ಹೋದಳು.

ಅವ್ವನ ಮಣ್ಣಿಗೆ ಅವನು ಬಂದ. ಎಲ್ಲರೂ ಕುಣಿಯೊಳಗೆ ಹಿಡಿ ಮಣ್ಣು ಹಾಕುವಾಗ ದೂರದಲ್ಲಿ ಕೈಕಟ್ಟಿ ನಿಂತಿದ್ದು, "ಬಾಯಾರು ಭಾಳ ಛಲೋ ಇದ್ರು" ಎಂದು ಯಾರಿಗೋ ಹೇಳಿದ. ಕೈಯಲ್ಲಿದ್ದ ಮಣ್ಣನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು ನನಗೆ. ಅವ್ವನ ಪಾಲಿನ ಮಣ್ಣು ಅವನಿಗ್ಯಾಕೆ ಎಂದು ಅವ್ವನಿಗೇ ಹಾಕಿದೆ.

ಬಸ್ಸು ಊರು ದಾಟುತ್ತಿದ್ದಂತೆ ಪಕ್ಕದಲ್ಲಿದ್ದ ಹೆಂಗಸು ಮಾತಿಗೆಳೆದಳು.

"ತವರಿಗೆ ಹೊಂಟೀರೇನ್ರಿ ಅಕ್ಕಾರ?"

"ಇಲ್ರಿ, ಹಲ್ಲಿನ ದವಾಖಾನಿಗೆ."

"ಪಂಚಮಿಗೆ ಕರಿಯಾಕ ಅಣ್ಣ ತಮ್ಮ ಯಾರೂ ಇಲ್ಲೇನ್ರಿ?"

"ಅಣ್ಣ ಒಬ್ಬಾವ ಇದ್ದಾ ರೀ" ಎಂದೆ.

ಇದ್ದ ಎಂದದ್ದನ್ನು ಕೇಳಿ ಅವಳು ಲೊಚಗುಟ್ಟಿದಳು. "ಅಯ್ಯ ಪಾಪ, ಯಾವಾಗ ತೀರಕೊಂಡ್ರು?"

ಸತ್ತಿಲ್ಲ, ಗುಂಡುಕಲ್ಲಿನ ಹಾಗೆ ಇದ್ದಾನೆ ಎಂದು ಹೇಳಬಹುದಿತ್ತು. "ಭಾಳ ದಿನಾ ಆತ್ರಿ" ಎಂದೆ. ಹೇಳಿದ ಮೇಲೆ ಕಿಟಕಿಯ ಕಡೆ ಹೊರಳಿ ಕುಳಿತೆ. ಅವಳು ನನ್ನ ಬೆನ್ನು ಸವರತೊಡಗಿದಳು, ನಾನು ಬೇಡ ಅನ್ನಲಿಲ್ಲ.