ಅವ್ವ ಬೆರಳಿಟ್ಟು ಹುಡುಕುವ ಮುಖ

ಆ ಮಂಗಳವಾರ ಬೆಳಗಿನಿಂದ ಮಾಡಿದ ಕೆಲಸಗಳು ಇವು. ಐದೂವರೆಗೆ ನಲ್ಲಿ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಹನ್ನೆರಡು ರೊಟ್ಟಿ ಬಡಿದೆ. ಪುಂಡಿಪಲ್ಲೆ ಬಿಡಿಸಿ, ತೊಳೆದು, ಬೇಯಿಸಿದೆ. ಎರಡು ಡಬ್ಬಿ ಕಟ್ಟಿದೆ. ಒಂದು ಬಾಲಾನಗರದ ಮಷಿನ್ ಶಾಪಿನಲ್ಲಿ ಕೆಲಸ ಮಾಡುವ ನನ್ನವರಿಗೆ, ಇನ್ನೊಂದು ಹಿಮಾಯತ್‌ನಗರದ ಕಾಲೇಜಿಗೆ ಹೋಗುವ ಮಗಳು ಸುಷ್ಮಾಗೆ. ಅವಳ ಕುರ್ತಾಕ್ಕೆ ಗುಂಡಿ ಹಚ್ಚಿದೆ. ಗ್ಯಾಸ್ ಬುಕ್ ಮಾಡಿದೆ. ರೊಟ್ಟಿಯ ಫೋಟೊ ತೆಗೆದು ನನ್ನ ಅಡುಗೆ ಬ್ಲಾಗಿಗೆ ನಾಲ್ಕು ಸಾಲು ಬರೆದು ಹಾಕಿದೆ. ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಗಿ ಉರಿಯಿತು. ಕಣ್ಣು ಸರಿಯಾಗಿ ಮುಚ್ಚಿರಲಿಕ್ಕಿಲ್ಲ ಅಂದುಕೊಂಡೆ.

ಹನ್ನೊಂದಕ್ಕೆ ಅವ್ವನ ಫೋನು ಬಂತು. ಅವ್ವ ಸಿಂಧನೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿರುತ್ತಾಳೆ. ಪೂಜೆ ಮುಗಿಸಿ, ಎರಡನೇ ಚಹಾ ಕುಡಿದು ದಿನಾ ಹನ್ನೊಂದಕ್ಕೆ ನನಗೆ ಫೋನು ಮಾಡುವುದು ಅವಳ ಕ್ರಮ. ಆ ದಿನ ಎರಡು ಮಾತಾಡುವುದರೊಳಗೆ, "ಬಾಯಾಗ ಏನಿಟ್ಕೊಂಡು ಮಾತಾಡಾಕತ್ತೀ ನೀ?" ಎಂದಳು. ಅಡಿಕೆ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ನನ್ನ ಬಾಯಲ್ಲಿ ಏನೂ ಇರಲಿಲ್ಲ.

ಫೋನಿಟ್ಟು ಚಹಾ ಕುಡಿಯಲು ಕೂತೆ. ತುಟಿಯ ಬಲ ಅಂಚಿನಿಂದ ಇಳಿದು ಸೆರಗಿನ ಮೇಲೆ ಬಿತ್ತು. ಒರೆಸಿಕೊಂಡು ಮತ್ತೆ ಕುಡಿದೆ. ಮತ್ತೆ ಬಿತ್ತು. ಎದ್ದು ಕನ್ನಡಿಯ ಮುಂದೆ ನಿಂತೆ. ಸುಮ್ಮನಿದ್ದಾಗ ಅಷ್ಟೇನೂ ಕಾಣಲಿಲ್ಲ. ನಕ್ಕು ನೋಡಿದೆ.

ಎಡಗಡೆ ಮಾತ್ರ ನಕ್ಕಿತು.

ನನ್ನವರು ಅರ್ಧ ದಿನದ ರಜೆ ಹಾಕಿ ಬಂದರು. ಮೆಟ್ಟಿಲಲ್ಲಿ ಎದುರಾದ ಪಕ್ಕದ ಮನೆಯ ತೆಲುಗಿನ ಆಂಟಿ, ನೋಡಿದ ಕೂಡಲೇ ಪಕ್ಷವಾತ ಎಂದರು. ನಮ್ಮ ಕಡೆ ಅದನ್ನೇ ಲಕ್ವಾ ಎನ್ನುತ್ತೇವೆ. ಆಟೋ ಆಸ್ಪತ್ರೆ ಮುಟ್ಟುವವರೆಗೂ ಎರಡೂ ಕೈಗಳ ಬೆರಳು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡುತ್ತಿದ್ದೆ. ಕೈ ಹೋದರೆ ರೊಟ್ಟಿ ಹೇಗೆ ಬಡಿಯುವುದು ಎಂಬುದೊಂದೇ ತಲೆಯಲ್ಲಿತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು. ಹುಬ್ಬು ಮೇಲೆತ್ತಿ ಎಂದರು. ಕಣ್ಣು ಗಟ್ಟಿಯಾಗಿ ಮುಚ್ಚಿ. ಹಲ್ಲು ತೋರಿಸಿ. ಕೆನ್ನೆ ಉಬ್ಬಿಸಿ. ಪ್ರತಿಯೊಂದಕ್ಕೂ ಅರ್ಧ ಮುಖ ಮಾತ್ರ ಹೇಳಿದ ಮಾತು ಕೇಳಿತು. ಬಲಗಡೆಯ ಹಣೆ ಅಲುಗಾಡದೆ ನಿಂತದ್ದನ್ನು ನೋಡಿ ನನಗೆ ಎದೆ ಒಡೆದಂತಾದರೆ, ಅವರು ಸಮಾಧಾನದಿಂದ ಕುರ್ಚಿಗೆ ಒರಗಿದರು. ಸ್ಟ್ರೋಕ್ ಆಗಿದ್ದರೆ ಸಾಮಾನ್ಯವಾಗಿ ಹಣೆ ಎತ್ತಲು ಬರುತ್ತದಂತೆ. ಹಣೆಯೂ ಸೇರಿ ಒಂದು ಬದಿ ಪೂರ್ತಿ ನಿಂತಿದ್ದರೆ ಅದು ಮುಖದ ನರದ ತೊಂದರೆ, ಬೆಲ್ಸ್ ಪಾಲ್ಸಿ. ಹೆದರಬೇಡಿ ಅಮ್ಮಾ ಎಂದು ತೆಲುಗಿನಲ್ಲಿ ಹೇಳಿದರು. ಬಹಳ ಜನರಿಗೆ ಕೆಲವು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದರು. ಪೂರ್ತಿ ಸರಿಹೋಗುತ್ತದಾ ಎಂದು ನನ್ನವರು ಕೇಳಿದರು. ಡಾಕ್ಟರು ಪ್ರಿಸ್ಕ್ರಿಪ್ಶನ್ ಬರೆಯತೊಡಗಿದರು.

ಸ್ಟೀರಾಯ್ಡ್ ಮಾತ್ರೆ. ಕಣ್ಣಿಗೆ ಹಗಲು ಡ್ರಾಪ್ಸ್, ಮಲಗುವಾಗ ಮುಲಾಮು ಹಾಕಿ ರೆಪ್ಪೆಯ ಮೇಲೆ ಟೇಪು. ಹತ್ತು ದಿನದ ನಂತರ ಫಿಸಿಯೋಥೆರಪಿ. ರೊಟ್ಟಿ ಅಗಿದರೆ ತುತ್ತು ಬಲಗೆನ್ನೆಯಲ್ಲೇ ಉಳಿಯುತ್ತಿತ್ತು, ಬೆರಳು ಹಾಕಿ ತೆಗೆಯಬೇಕು. ಸಾರು ಗದ್ದಕ್ಕಿಳಿಯುತ್ತಿತ್ತು. ಹಾಗಾಗಿ ನಾನು ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣತೊಡಗಿದೆ. ನನ್ನವರು ಯಾವುದನ್ನಾದರೂ ಮಷಿನ್ನಿನ ಭಾಷೆಯಲ್ಲೇ ಸಮಾಧಾನ ಮಾಡುವವರು. "ವೈರು ಸುಟ್ಟಿಲ್ಲ, ಒಂದ್ ಬಾಜು ಕರೆಂಟ್ ಹೋಗೇತಿ ಅಷ್ಟ. ಬರತೈತಿ, ತಡಿ," ಎಂದರು.

ಆಗಿನ ನನ್ನ ಡಿಪಿ, ಎಂದರೆ ಫೋನಿನಲ್ಲಿ ನನ್ನ ಹೆಸರಿನ ಪಕ್ಕ ಎಲ್ಲರಿಗೂ ಕಾಣುವ ಫೋಟೊ, ಆರು ವರ್ಷದ ಹಿಂದಿನದು. ಅಣ್ಣನ ಮನೆಯ ಗೃಹಪ್ರವೇಶದಲ್ಲಿ ಯಾರೋ ಏನೋ ಅಂದದ್ದಕ್ಕೆ ನಾನು ಜೋರಾಗಿ ನಗುವಾಗ ತೆಗೆದದ್ದು. ಹಸಿರು ಇಳಕಲ್ ಸೀರೆ, ಎಡಕ್ಕೆ ಮೂಗುಬೊಟ್ಟು, ಹಲ್ಲೆಲ್ಲ ಕಾಣುತ್ತಿವೆ. ಬ್ಲಾಗಿನಲ್ಲೂ ಅದೇ ಫೋಟೊ. ನಿಮ್ಮ ನಗು ನೋಡಿದರೆ ಹಸಿವಾಗುತ್ತದೆ ಎಂದು ಓದುಗರೊಬ್ಬರು ಹಿಂದೆ ಬರೆದಿದ್ದರು. ಕಾಯಿಲೆ ಬಂದ ಮೂರನೇ ದಿನ ಫೋನು ತೆರೆದಾಗ ಆ ಹೆಂಗಸನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಿಜವಾದ ಹೊಟ್ಟೆಕಿಚ್ಚು. ಅವಳಿಗೆ ಅದರ ಬೆಲೆಯೇ ಗೊತ್ತಿಲ್ಲದಂತೆ ನಗುತ್ತಿದ್ದಳು. ಅಲ್ಲೇ ಕೂತು ಅವಳನ್ನು ಅಳಿಸಿ, ಶ್ರಾವಣ ಹೇಗೂ ಬಂದಿತ್ತಲ್ಲ, ಒಂದು ಲಕ್ಷ್ಮಿಯ ಚಿತ್ರ ಹಾಕಿದೆ. ಬ್ಲಾಗಿಗೂ ಅದನ್ನೇ ಹಾಕಿದೆ. ಬರೆಯುವುದನ್ನು ಬಿಟ್ಟೆ.

ಮರುದಿನ ಹನ್ನೊಂದಕ್ಕೆ ಅವ್ವನ ಫೋನು ಬರಲಿಲ್ಲ.

ಸುಳ್ಳು ಹೇಳುವುದಿಲ್ಲ, ಮೊದಲು ಹಗುರವೆನಿಸಿತು. ಹೋದ ವರ್ಷ ಅವ್ವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಅವಳಿಗೆ ಹೇಳಬೇಡ ಎಂದು ಅಣ್ಣನಿಗೆ ನಾನೇ ಹೇಳಿದ್ದೆ. ತುಟಿ ಕೂಡಿಸಿ ಆಡುವ ಮಾತುಗಳೆಲ್ಲ ಗಾಳಿಯಾಗಿ ಹೋಗುತ್ತಿದ್ದವು. ಬಾ ಎನ್ನಲು ಬರುತ್ತಿರಲಿಲ್ಲ, ಮಗಳೇ ಎನ್ನಲು ಬರುತ್ತಿರಲಿಲ್ಲ. ಅವ್ವ ಎರಡು ನಿಮಿಷದಲ್ಲಿ ಹಿಡಿಯುತ್ತಿದ್ದಳು. ಹಿಂದಿನ ಎರಡು ದಿನ ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಕೂಡಲೇ ಫೋನಿಟ್ಟಿದ್ದೆ. ಆದರೆ ಎರಡನೇ ದಿನವೂ ಬರಲಿಲ್ಲ. ಮೂರನೇ ದಿನವೂ ಇಲ್ಲ. ಹನ್ನೊಂದು ಹೊಡೆಯುವ ಹೊತ್ತಿಗೆ ಕೈಯಲ್ಲಿದ್ದ ಕೆಲಸ ತಾನಾಗಿ ನಿಲ್ಲುತ್ತಿತ್ತು. ಫೋನು ಚಾರ್ಜಿನಲ್ಲಿದೆಯೇ ನೋಡುತ್ತಿದ್ದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ತವರು ಅಷ್ಟು ದೂರವಿದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ನಾನೇ ಮಾಡಬಹುದಿತ್ತು. ಹೆಸರು ಒತ್ತುವುದು, ಕಟ್ ಮಾಡುವುದು. ಹೀಗೆ ಎರಡು ವಾರ ಕಳೆದವು.

ಕೊನೆಗೆ ಅಣ್ಣನ ಮಗಳು ಸಹನಾ, ಒಂಬತ್ತನೇ ತರಗತಿಯವಳು, ಒಂದು ಸಂಜೆ ಫೋನು ಮಾಡಿದಳು. ಅವ್ವನನ್ನು ಅವಳು ಆಯಿ ಎನ್ನುತ್ತಾಳೆ.

"ಅತ್ತಿ, ನೀವು ಫೋಟೋ ಯಾಕ ತೆಗದ್ರಿ? ಆಯಿ ದಿನಾ ನಿಮ್ಮನ್ನ ಹುಡುಕಾಕತ್ತಾಳ."

ಆಗ ನನಗೆ ನೆನಪಾಯಿತು. ನೆನಪಾದದ್ದಲ್ಲ, ಹೊಡೆತ ಬಿತ್ತು. ನಮ್ಮವ್ವನಿಗೆ ಓದಲು ಬರುವುದಿಲ್ಲ. ಅವಳ ಫೋನಿನಲ್ಲಿ ಹೆಸರುಗಳಿಲ್ಲ, ಮುಖಗಳಿವೆ. ದುಂಡಗಿನ ಫೋಟೊಗಳನ್ನು ಬೆರಳಿನಿಂದ ಕೆಳಗೆ ತಳ್ಳುತ್ತ, ಬೇಕಾದ ಮುಖ ಬಂದಾಗ ಒತ್ತಿ, ಮೇಲಿರುವ ಫೋನಿನ ಗುರುತನ್ನು ಒತ್ತುತ್ತಾಳೆ. ಇದನ್ನು ಅವಳಿಗೆ ಮೂರು ದಿನ ಕೂತು ಕಲಿಸಿದವಳು ನಾನೇ. ಹಸಿರು ಸೀರಿ ಬಂತಾ, ಹಲ್ಲು ಬಂದವಾ, ಅದ ನಾನು, ಒತ್ತು ಎಂದು.

ಲಕ್ಷ್ಮಿಯ ಚಿತ್ರವನ್ನೂ ಒತ್ತಿ ನೋಡಿದ್ದಳಂತೆ. ಆದರೆ ಶ್ರಾವಣದಲ್ಲಿ ಅವಳ ಫೋನಿನ ತುಂಬ ಲಕ್ಷ್ಮಿಯರೇ. ಮೊದಲು ಸಿಕ್ಕ ಲಕ್ಷ್ಮಿ ಬಳೆ ಅಂಗಡಿಯ ಶರಣಮ್ಮ. ಅವ್ವ ನನ್ನ ಹೆಸರು ಕರೆದರೆ ಆಕೆ, "ಯಾ ಸೈಜ್ ಬೇಕ್ರೀ ಯವ್ವಾ?" ಎಂದಳಂತೆ. ಮರುದಿನ ಎರಡು ಡಜನ್ ಬಳೆ ಮನೆಗೇ ಬಂದವು. ಆಮೇಲೆ ಅವ್ವ ದೇವರನ್ನು ಒತ್ತುವುದನ್ನು ಬಿಟ್ಟಳು. ಸಹನಾ ಹಚ್ಚಿಕೊಡುತ್ತೇನೆಂದರೆ ಬೇಡವೆಂದಳು. ಮಗಳಿಗೆ ಬೇಕಿದ್ದರೆ ಅವಳೇ ಮಾಡುತ್ತಾಳೆ ಎಂದಳು.

ಫೋಟೊ ಹಾಕಲೇಬೇಕಾಯಿತು. ಯಾವುದು?

ಹಳೆಯದನ್ನೇ ಹಾಕು, ಮುಗಿಯಿತು ಎಂದರು ನನ್ನವರು. ಹಾಕಿದೆ ಕೂಡ, ಅರ್ಧ ಗಂಟೆ. ಆದರೆ ಆ ನಗುವಿನ ಮೇಲೆ ಅವ್ವ ಬೆರಳಿಡುತ್ತಾಳೆ, ಈಚೆ ಕಡೆ ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಆ ಹೆಂಗಸಿನ ಪರವಾಗಿ ಮಾತಾಡುತ್ತೇನೆ. ಅದು ಆಗಲಿಲ್ಲ. ತೆಗೆದೆ.

ಸುಷ್ಮಾ ನನ್ನನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ಎಡಗಡೆಯಿಂದ ತೆಗೆದಳು. ಒಳ್ಳೆಯ ಕೆನ್ನೆ, ಕಿವಿ, ಓಲೆ, ಅಷ್ಟೇ ಕಾಣುವ ಹಾಗೆ. ಚೆನ್ನಾಗಿಯೇ ಇತ್ತು. ಅದನ್ನು ಹಾಕಿ ಹನ್ನೊಂದಕ್ಕೆ ಕಾದೆ. ಬರಲಿಲ್ಲ. ಸಂಜೆ ಸಹನಾ ಹೇಳಿದಳು: ಆಯಿ ಗುರುತು ಹಿಡಿದಳು, ಆದರೆ ಒತ್ತಲಿಲ್ಲ, "ಮಾರಿ ತಿರುವಿ ಕುಂತಾಳಲ್ಲ, ಏನ್ ಸಿಟ್ಟೈತೋ ಏನೋ" ಎಂದು ಫೋನು ಕೆಳಗಿಟ್ಟಳು.

ಆ ದಿನ ನಾನು ಅತ್ತೆ. ಒಂದೇ ಕಣ್ಣು ಸರಿಯಾಗಿ ಅತ್ತಿತು, ಇನ್ನೊಂದು ಸುಮ್ಮನೆ ಸುರಿಯಿತು.

ಸುಷ್ಮಾ ಬಿಡಲಿಲ್ಲ. ಅರ್ಧ ಮುಖವನ್ನು ತಿರುಗಿಸಿ ಇನ್ನೊಂದು ಅರ್ಧಕ್ಕೆ ಜೋಡಿಸುವ ಆ್ಯಪ್ ಒಂದಿದೆಯಂತೆ. ಎದುರಿನಿಂದ ಫೋಟೊ ತೆಗೆದು, ಒಳ್ಳೆಯ ಎಡಗಡೆಯನ್ನು ಎರಡೂ ಕಡೆ ಮಾಡಿ ತೋರಿಸಿದಳು. ಅದರಲ್ಲಿ ನಾನು ನಗುತ್ತಿದ್ದೆ. ಎರಡೂ ತುಟಿಯಂಚು ಮೇಲೆದ್ದಿದ್ದವು, ಎರಡೂ ಕಣ್ಣು ಕಿರಿದಾಗಿದ್ದವು. ಎಷ್ಟೋ ಹೊತ್ತು ನೋಡಿದೆ. ಬೇಕು ಅನ್ನಿಸಿತು. ಇದು ನಾನಲ್ಲ ಎಂದು ಗೊತ್ತಿದ್ದೂ, ಅಂಗಡಿಯಲ್ಲಿ ತೂಗುಹಾಕಿದ ಸೀರೆಯನ್ನು ನೋಡಿದ ಹಾಗೆ, ಬೇಕು ಅನ್ನಿಸಿತು. ಡಿಪಿಗೂ ಬ್ಲಾಗಿಗೂ ಹಾಕಿದೆ. ಎಷ್ಟು ಲಕ್ಷಣವಾಗಿ ಕಾಣುತ್ತೀರಿ, ಬೇಗ ಬರೆಯಿರಿ ಎಂದು ಇಬ್ಬರು ಮೂವರು ಬರೆದರು. ಫಿಸಿಯೋಥೆರಪಿಯ ಹುಡುಗಿ ಕೂಡ, ಸೂಪರ್ ಆಂಟಿ ಎಂದಳು.

ಅವ್ವ ಸಹನಾಳನ್ನು ಕರೆದು ಕೇಳಿದಳಂತೆ: "ಇಕಿ ಯಾರವಾ? ನನ್ನ ಮಗಳಿಗೆ ಒಂದ ಮೂಗಬಟ್ಟು. ಇಕಿಗೆ ಎರಡ್ ಅದಾವಲ್ಲ."

ಊರೆಲ್ಲ ಲೈಕ್ ಮಾಡಿದ್ದನ್ನು ಅಕ್ಷರ ಬಾರದ ನಮ್ಮವ್ವ ಒಂದು ನೋಟದಲ್ಲಿ ತಿರಸ್ಕರಿಸಿದ್ದಳು. ಇದನ್ನು ಕೇಳಿ ನನ್ನವರು ಎಷ್ಟು ನಕ್ಕರೆಂದರೆ ನನಗೂ ನಗು ಬಂತು. ಬಂದದ್ದು ಅರ್ಧವೇ. ಅವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ಇದರ ಫೋಟೋ ತೆಗಿಯವಾ ಸುಷ್ಮಾ," ಎಂದರು. ಅವಳು ಫೋನು ಎತ್ತುವ ಮೊದಲು ನಾನು ಅಭ್ಯಾಸದಂತೆ ಸೆರಗನ್ನು ಬಾಯಿಗೆ ತಂದೆ. ಅವಳು ಕಾದಳು. ಕೈ ಇಳಿಸಬೇಕೋ ಬೇಡವೋ ಎಂದು ನಾನೂ ಬಹಳ ಹೊತ್ತು ಕಾದೆ. ಇಳಿಸಿದೆ.

ಆ ಫೋಟೊ ಚೆನ್ನಾಗಿಲ್ಲ. ಬಲಗಣ್ಣು ದೊಡ್ಡದಾಗಿ ತೆರೆದಿದೆ. ಬಾಯಿ ಎಡಕ್ಕೆ ಎಳೆದಿದೆ. ಮೂಗಿಗೆ ಒಂದೇ ಬೊಟ್ಟು. ರಾತ್ರಿ ಉಟ್ಟ ಸೀರೆಯೇ ಇನ್ನೂ ಮೈಮೇಲಿದೆ. ಶನಿವಾರ ಸಂಜೆ ಅದನ್ನು ಹಾಕಿ, ಫೋನನ್ನು ಅಕ್ಕಿ ಡಬ್ಬಿಯ ಮೇಲೆ ಕವುಚಿಟ್ಟೆ.

ಭಾನುವಾರ ಹನ್ನೊಂದಾಯಿತು. ಹನ್ನೊಂದು ಹತ್ತಾಯಿತು. ಸುಷ್ಮಾ ನನ್ನ ಕಡೆ ನೋಡದೆ ಬಟ್ಟೆ ಮಡಚುತ್ತಿದ್ದಳು. ಹನ್ನೊಂದು ಇಪ್ಪತ್ತಕ್ಕೆ ಫೋನು ಹೊಡೆಯಿತು.

ಎತ್ತಿದೆ. ಅವ್ವನ ಉಸಿರು ಕೇಳುತ್ತಿತ್ತು.

"ಲಕ್ವಾ ಹೊಡದೇತೇನ?" ಎಂದಳು.

ಅಲ್ಲ, ನರದ್ದು, ಕಡಿಮೆಯಾಗುತ್ತಿದೆ, ಡಾಕ್ಟರು ಹೀಗೆ ಹೇಳಿದ್ದಾರೆ ಎಂದು ತಡವರಿಸುತ್ತ ಎಲ್ಲ ಹೇಳಿದೆ. ನಿನ್ನ ಎದೆಗೆ ಏನಾದರೂ ಆದೀತೆಂದು ಹೇಳಲಿಲ್ಲ ಎಂದೆ.

"ಹದಿನೇಳ್ ದಿನ ಆತು. ನೀ ಸತ್ತದ್ದನ್ನ ಮನ್ಯಾಗ ಎಲ್ಲಾರೂ ಮುಚ್ಚಿಟ್ಟಾರ ಅನ್ಕೊಂಡಿದ್ದೆ. ಅದಕ್ಕ ನನ್ನ ಎದಿ ತಡಕೊಂತು, ಇದಕ್ಕ ತಡಕೊಳ್ಳಾಂಗಿಲ್ಲೇನ?"

ಊಟ ಹೇಗೆ ಮಾಡುತ್ತೀ ಎಂದು ಕೇಳಿದಳು. ಮಾಡುತ್ತೇನೆ ಎಂದೆ. ನನ್ನ ಮುಂದೆ ಉಣ್ಣು, ನೋಡಬೇಕು ಎಂದಳು.

ಒಂದು ಗಂಟೆಗೆ ಸಹನಾ ವಿಡಿಯೊ ಕಾಲ್ ಹಚ್ಚಿಕೊಟ್ಟಳು. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಕೂತೆ. ಇಪ್ಪತ್ತು ದಿನದಲ್ಲಿ ಮೊದಲ ಸಲ ಇನ್ನೊಬ್ಬರ ಎದುರು ತಟ್ಟೆ ಇಟ್ಟುಕೊಂಡಿದ್ದೆ. ನನ್ನವರೂ ಸುಷ್ಮಾಳೂ ತಮ್ಮ ತಟ್ಟೆ ತಂದು ಪಕ್ಕದಲ್ಲಿ ಕೂತರು. ಮೊದಲ ತುತ್ತಿಗೇ ಸಾರು ಗದ್ದಕ್ಕಿಳಿಯಿತು. ಅವ್ವ ನೋಡಿದಳು. ಮುಖ ಆಚೆ ಮಾಡಲಿಲ್ಲ. "ಸಣ್ಣಾಕಿದ್ದಾಗೂ ಹಿಂಗ ಉಣತಿದ್ದಿ," ಎಂದಳು. "ಎಡಗಡಿ ಹಾಕ್ಕೊಂಡು ಅಗಿ. ಸಾವಕಾಶ. ಯಾರೂ ಕಸಗೊಳ್ಳಾಂಗಿಲ್ಲ."

ಇದನ್ನು ಬರೆಯುವಾಗ ನಾಲ್ಕನೇ ತಿಂಗಳು. ಕಣ್ಣು ಈಗ ಮುಚ್ಚುತ್ತದೆ. ಹಣೆ ಸ್ವಲ್ಪ ಏಳುತ್ತದೆ. ನಗು ಮುಕ್ಕಾಲು ಬಂದಿದೆ, ಉಳಿದ ಕಾಲು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಈಗ ಬಾಯಿಬಿಟ್ಟೇ ಹೇಳಿದ್ದಾರೆ. ಆ ಕಾಲಿಗಾಗಿ ದಿನಾ ಕನ್ನಡಿಯ ಮುಂದೆ ನಿಲ್ಲುತ್ತೇನೆ. ನಿಲ್ಲುವುದನ್ನು ಬಿಡುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ಬ್ಲಾಗು ಮತ್ತೆ ಶುರು ಮಾಡಿದ್ದೇನೆ. ಮೇಲಿರುವ ಫೋಟೊ ಆ ಶನಿವಾರದ್ದೇ. ಕೆಲವರು ಏನಾಯಿತೆಂದು ಕೇಳಿದ್ದರಿಂದ ಇಷ್ಟು ಬರೆದೆ.

ಆ ಭಾನುವಾರ ನಾವು ಉಂಡದ್ದು ಮೆತ್ತಗಿನ ಅನ್ನ, ಹೆಸರುಬೇಳೆಯ ಸಾರು, ಹೀರೇಕಾಯಿ ಪಲ್ಲೆ, ಮೊಸರು. ಅವ್ವ ಉಂಡದ್ದು ರೊಟ್ಟಿ, ಕಡಲೆಹಿಟ್ಟಿನ ಝುಣಕ, ಒಂದು ಹಸಿ ಉಳ್ಳಾಗಡ್ಡಿ. ಉಂಡು ಕೈ ತೊಳೆದು ಅವಳು ಫೋನು ಕೈಯಲ್ಲಿ ಹಿಡಿದುಕೊಂಡೇ ಅಡ್ಡಾದಳು. ಏನೋ ಕೇಳುತ್ತಿದ್ದಳು, ಮಾತು ನಡುವೆ ನಿಂತಿತು. ಫೋನು ಅವಳ ಎದೆಯ ಮೇಲೆ ಜಾರಿರಬೇಕು, ಪರದೆಯಲ್ಲಿ ತಿರುಗುವ ಫ್ಯಾನು ಮಾತ್ರ ಕಾಣುತ್ತಿತ್ತು, ಅವಳ ಉಸಿರಿನ ಜೊತೆ ಏರಿಳಿಯುತ್ತಿತ್ತು. ಮೊದಲು ಮಲಗಿದವಳು ಅವ್ವ. ಸ್ವಲ್ಪ ಹೊತ್ತಿಗೆ ನನ್ನವರು, ಆಮೇಲೆ ಸುಷ್ಮಾ. ನಾನು ಕಾಲ್ ಕಟ್ ಮಾಡದೆ ಕೂತಿದ್ದೆ.