ಹೆಡ್‌ಮಿಸ್ಸಿನ ಹಣ್ಣಿನ ಬುಟ್ಟಿ

ಕೊನೆಮನೆಯ ನಿವೃತ್ತ ಹೆಡ್‌ಮಿಸ್ಸಿಗೆ ‘ತಪ್ಪಾಯಿತು’ ಎನ್ನುವ ಮಾತು ಪ್ರಾಣ ಹೋದರೂ ಬಾಯಿಂದ ಹೊರಡದು. ಸಂಜೆ ಯಾರ ಮೇಲಾದರೂ ಹರಿಹಾಯ್ದರೆಂದರೆ, ಬೆಳಿಗ್ಗೆ ಹಣ್ಣಿನ ಬುಟ್ಟಿ ಮಾಡಿಕೊಡುವ ಅಂಗಡಿಯವಳಿಗೆ ಫೋನು ಬಂತೆಂದೇ ಲೆಕ್ಕ: ಚಾಕೊಲೇಟಿನಲ್ಲಿ ಅದ್ದಿದ ಹಣ್ಣುಗಳನ್ನು ಹೂವಿನಂತೆ ಜೋಡಿಸಿದ ಬುಟ್ಟಿಯೊಂದು ನೊಂದವರ ಮನೆಗೆ ಹೋಗಬೇಕು. ಬರೀ ಗದರಿದ್ದರೆ ಸ್ಟ್ರಾಬೆರಿ, ಕಣ್ಣೀರು ಹಾಕಿಸಿದ್ದರೆ ಅನಾನಸ್. “ಬಾಳೆಹಣ್ಣು ಮಾತ್ರ ಹಾಕ್ಬೇಡ ಕಣಮ್ಮ, ನನ್ನ ಮರ್ಯಾದೆ ಹೋಗುತ್ತೆ” ಎಂದು ಪ್ರತಿ ಸಲವೂ ತಾಕೀತು. ಅಂಚೆಯವನಿಂದ ಹಿಡಿದು ಮಹಡಿಯ ಬಾಡಿಗೆದಾರರವರೆಗೆ ಆ ಬುಟ್ಟಿ ತಿನ್ನದವರೇ ಬೀದಿಯಲ್ಲಿಲ್ಲ. ಅನಾನಸ್ಸಿನ ಆಸೆಗೆ ಬೇಕೆಂದೇ ಬೈಸಿಕೊಂಡು ಅತ್ತವರೂ ಇದ್ದಾರೆ. ಇವತ್ತು ಮಾತ್ರ ಅವರು ಎಲ್ಲಕ್ಕಿಂತ ದೊಡ್ಡ ಬುಟ್ಟಿ ಹೇಳಿ, ತಮ್ಮ ಮನೆಯದೇ ವಿಳಾಸ ಕೊಟ್ಟು, “ಬರೀ ಬಾಳೆಹಣ್ಣೇ ಹಾಕು” ಎಂದರು. ಅಂಗಡಿಯವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. “ಬಾಳೆಹಣ್ಣಾ ಮೇಡಂ?” “ಹೂಂ ಕಣಮ್ಮ. ನಮ್ಮನೆಯವರು ಹೊಸ ಹಲ್ಲುಸೆಟ್ ಹಾಕಿಸ್ಕೊಂಡಿದ್ದಾರೆ, ಗಟ್ಟಿ ಹಣ್ಣು ಆಗಲ್ಲ. ನಿನ್ನೆ ಅದನ್ನ ನೋಡಿ ನೆಂಟರೆದುರೇ ನಕ್ಕುಬಿಟ್ಟೆ. ಆಗಿನಿಂದ ಅವರು ಬಾಯೇ ಬಿಟ್ಟಿಲ್ಲ.” ಆಮೇಲೆ ಅದೇ ಹಳೆಯ ತರಗತಿಯ ದನಿ: “ಬಾಯಿ ಬಿಡೋವರೆಗೂ ದಿನಾ ಒಂದು ಕಳಿಸ್ತಾ ಇರು.”